ಮತಗಟ್ಟೆಯಲ್ಲಿ ಬಿಚ್ಚಿದ ಕಸಿ ಚಾಕು

ನಮ್ಮೂರ ಗಂಡಸರ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಏನೇನಿರುತ್ತದೆ ಎಂದು ದೇವರಿಗೇ ಗೊತ್ತು. ಬೀಡಿ, ಬೆಂಕಿಪೊಟ್ಟಣ, ಹೋದ ತಿಂಗಳ ಬಸ್ ಟಿಕೆಟ್ಟು. ಇವುಗಳ ಜೊತೆಗೆ ಒಂದು ಮಡಚುವ ಚಾಕು ಇದ್ದೇ ಇರುತ್ತದೆ. ಹೂಕೋಸು ಕೊಯ್ಯಬೇಕು, ಮೂಟೆಯ ಹೊಲಿಗೆ ಬಿಚ್ಚಬೇಕು, ಡ್ರಿಪ್ ಪೈಪು ಕತ್ತರಿಸಬೇಕು. ಚಾಕು ಇಲ್ಲದೆ ರೈತನ ಕೈ ಆಡುವುದಿಲ್ಲ. ಆದರೆ ಅದನ್ನು ಯಾವಾಗ ಮನೆಯಲ್ಲಿಟ್ಟು ಹೊರಡಬೇಕು ಅನ್ನುವುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪಾಠ ಕಲಿಯಲು ನಲ್ಲಪ್ಪಣ್ಣನ ಮಾನ ಬೀದಿಗೆ ಬರಬೇಕಾಯಿತು.

ನಾನು ಅಮ್ಮಾಜಮ್ಮ. ಚಿಂತಾಮಣಿಯಿಂದ ಆಟೋದಲ್ಲಿ ಅರ್ಧ ಗಂಟೆ ದೂರದ ಊರು ನಮ್ಮದು. ಮಹಿಳಾ ಸಂಘ ನಡೆಸುತ್ತೇನೆ. ನನ್ನ ಬಾಯಿ ಜೋರು ಅನ್ನುತ್ತಾರೆ, ಅನ್ನಲಿ ಬಿಡಿ. ನಲ್ಲಪ್ಪಣ್ಣ ನಮ್ಮ ಪಕ್ಕದ ಮನೆಯವನು. ಮಾವಿನ ಗಿಡಕ್ಕೆ ಕಸಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಸೀಮೆಯಲ್ಲಿ ಇಲ್ಲ. ಬೇರೆಯವರು ನೂರು ಕಟ್ಟಿದರೆ ಅರವತ್ತು ಚಿಗುರುತ್ತವೆ. ಅವನು ನೂರು ಕಟ್ಟಿದರೆ ತೊಂಬತ್ತಕ್ಕೆ ಮೋಸವಿಲ್ಲ. ಹಿತ್ತಾಳೆ ಹಿಡಿಯ, ಮೂರು ಬೆರಳುದ್ದ ಅಲಗಿನ ಪುಟ್ಟ ಚಾಕು ಅವನದು. ದಿನಾ ಬೆಳಿಗ್ಗೆ ಕಲ್ಲಿಗೆ ಹಚ್ಚಿ, ಆಮೇಲೆ ಹಳೆಯ ಬೆಲ್ಟಿನ ತೊಗಲಿಗೆ ಉಜ್ಜುತ್ತಾನೆ. ಮೂವತ್ತು ವರ್ಷದಿಂದ ಅದು ಅವನ ಜೇಬು ಬಿಟ್ಟು ಕದಲಿದ್ದೇ ಇಲ್ಲ.

ಅದೇ ಎಡವಟ್ಟಾಗಿದ್ದು.

ಪಂಚಾಯಿತಿ ಚುನಾವಣೆಯ ದಿನ ನಮ್ಮೂರ ಶಾಲೆಯಲ್ಲಿ ಮತಗಟ್ಟೆ. ಬಾಗಿಲಲ್ಲಿ ಒಬ್ಬ ಹೆಣ್ಣು ಪೊಲೀಸು, ಹೆಸರು ಭಾನುಪ್ರಿಯಾ. ನಲ್ಲಪ್ಪಣ್ಣ ಒಳಗೆ ಕಾಲಿಡುವಾಗ ಜೇಬಿನ ಉಬ್ಬು ಅವಳ ಕಣ್ಣಿಗೆ ಬಿತ್ತು.

"ಜೇಬಲ್ಲಿ ಏನಿದೆ ಯಜಮಾನ್ರೇ?"

"ಚಾಕು ಕಣಮ್ಮ. ಕಸಿ ಚಾಕು."

"ಚಾಕಾ? ಎಲ್ಲಿ?"

ಅವಳು ಕೇಳಿದ್ದೇ ತಡ, ನಮ್ಮಣ್ಣ ಪಂಚೆ ಎತ್ತಿ, ಜೇಬಿಗೆ ಕೈ ಹಾಕಿ, ಚಾಕು ತೆಗೆದು, ಫಳ್ ಅಂತ ಬಿಚ್ಚಿ ಅವಳ ಮುಖದ ಮುಂದೆ ಹಿಡಿದುಬಿಟ್ಟ. "ನೋಡಮ್ಮ, ಒಂದು ಚೂರು ತುಕ್ಕು ತೋರ್ಸು!" ಅವನ ಹೆಮ್ಮೆ ಅವನಿಗೆ. ಸಾಲಿನಲ್ಲಿದ್ದವರು ಹೋ ಅಂತ ಚೆಲ್ಲಾಪಿಲ್ಲಿಯಾದರು. ಆವಲಪ್ಪನ ಹೆಂಡತಿಯಂತೂ ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

"ಕೊಡಿ ಇಲ್ಲಿ," ಎಂದು ಭಾನುಪ್ರಿಯಾ ಕೈ ಚಾಚಿದಳು.

"ಕೈಗೆ ಕೊಡಲ್ಲಮ್ಮ," ಎಂದ ನಲ್ಲಪ್ಪಣ್ಣ.

ಅವನ ಹಿಂದೆಯೇ ನಿಂತಿದ್ದ ನಾನು ಅಯ್ಯೋ ಎಂದೆ! ನಮ್ಮ ಕಡೆ ಚಾಕು, ಕುಡುಗೋಲನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಜಗಳವಾಗುತ್ತದೆ ಎಂದು ನಂಬಿಕೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅಣ್ಣ ಹೇಳಿದ್ದು ಆ ಅರ್ಥದಲ್ಲಿ. ಆದರೆ ಬಿಚ್ಚಿದ ಚಾಕು ಕೈಯಲ್ಲಿ ಹಿಡಿದು, ಮತಗಟ್ಟೆಯ ಬಾಗಿಲಲ್ಲಿ ನಿಂತು, ಪೊಲೀಸರಿಗೆ ಕೊಡಲ್ಲ ಅಂದರೆ ಹೇಗೆ ಕೇಳಿಸುತ್ತದೆ, ನೀವೇ ಹೇಳಿ.

ಆ ಹುಡುಗಿಯ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ. ಕೂಗಲಿಲ್ಲ, ಲಾಠಿ ಎತ್ತಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, "ಸರಿ ಯಜಮಾನ್ರೇ, ನಮ್ಮನೇಲೂ ಅಷ್ಟೇ, ಕೈಗೆ ಕೊಡಲ್ಲ. ಮಡಚಿ ಜಗಲಿ ಮೇಲಿಡಿ, ನಾನು ತಗೋತೀನಿ," ಅಂದಳು. ಅವನು ಇಟ್ಟ. ಅವಳು ಎತ್ತಿಕೊಂಡಳು. ಅವನ ಹೆಸರು, ಊರು ಬರೆದುಕೊಂಡು, ಚಾಕನ್ನು ನನ್ನ ಕೈಯಲ್ಲಿ ಮನೆಗೆ ಕಳಿಸಿದಳು. "ಮತಗಟ್ಟೆ ಹತ್ರ ಇಂಥದ್ದು ತರಂಗಿಲ್ಲ. ಈ ಸಲ ಬುದ್ಧಿ ಹೇಳ್ತಿದೀನಿ, ಇನ್ನೊಂದು ಸಲ ಆದ್ರೆ ಕೇಸಾಗುತ್ತೆ," ಎಂದು ಖಡಕ್ಕಾಗಿಯೇ ಹೇಳಿದಳು. ಅಣ್ಣ ತಲೆ ತಗ್ಗಿಸಿ ವೋಟು ಹಾಕಿ ಬಂದ.

ಆದರೆ ಊರಿನ ಬಾಯಿ ಕೇಳಬೇಕೇ? ಸಂಜೆಯೊಳಗೆ ಹಾಲಿನ ಡೇರಿಯ ಮುಂದೆ ಸುದ್ದಿ ಬೆಳೆದು ನಿಂತಿತ್ತು. ನಲ್ಲಪ್ಪ ಪೊಲೀಸರಿಗೇ ಚಾಕು ತೋರಿಸಿದನಂತೆ, ಇನ್ನೇನು ಜೈಲಂತೆ. ಅವನ ಹೆಂಡತಿ ಗಂಗುಲಮ್ಮತ್ತಿಗೆ ಅಳುತ್ತಳುತ್ತಲೇ ಚಾಕನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ಡ್ರಮ್ಮಿನ ತಳಕ್ಕೆ ತುರುಕಿದಳು. "ಇನ್ನು ಈ ಮನೇಲಿ ಚಾಕು ಅನ್ನೋ ಮಾತು ಎತ್ತಿದ್ರೆ ನನ್ನಾಣೆ," ಎಂದಳು. ಮಾನಕ್ಕೆ ಅಂಜಿದ ಅಣ್ಣ ಹಜಾರದಲ್ಲಿ ಕೂತು ಬೆರಳು ನೋಡಿಕೊಳ್ಳುವುದನ್ನು ಕಂಡು ನನಗೆ ಸಂಕಟವಾಯಿತು.

ಮೂರನೆಯ ದಿನ ತೊಂಡೇಬಾವಿಯಿಂದ ಫೋನು. ಅದು ಗಂಗುಲಮ್ಮತ್ತಿಗೆಯ ತವರು. ತಮ್ಮ ಗಂಗಾಧರ್ ಮಾತಾಡಿದ. "ಅಕ್ಕಾ, ರಾತ್ರಿ ಗಾಳಿ ಮಳೆಗೆ ಅಮ್ಮನ ಮರ ಬಿದ್ದೋಯ್ತು ಕಣಕ್ಕ."

ಅವರಮ್ಮ ನೆಟ್ಟ ಮಾವಿನ ಮರ ಅದು. ಹಣ್ಣಿನ ಗಾತ್ರ ಸಣ್ಣದು, ಜೇನಿನಂಥ ರುಚಿ. ಅಂಥ ಮರ ಇನ್ನೊಂದಿಲ್ಲ. ಅಮ್ಮ ತೀರಿಕೊಂಡ ಮೇಲೆ ಗಂಗುಲಮ್ಮತ್ತಿಗೆ ತವರಿಗೆ ಹೋದಾಗಲೆಲ್ಲ ಮೊದಲು ಹೋಗಿ ನಿಲ್ಲುತ್ತಿದ್ದುದು ಆ ಮರದ ಕೆಳಗೇ.

"ಮಾವಿನ ವಾಟೆ ಹಾಕಿ ನಲವತ್ತು ಗಿಡ ಎಬ್ಬಿಸಿ ಚೀಲದಲ್ಲಿ ಇಟ್ಟಿದೀನಿ," ಎಂದ ಗಂಗಾಧರ್. "ಮರದ ಕಡ್ಡಿ ಇನ್ನೂ ಹಸಿಯಾಗವೆ. ಮೂರು ದಿನ ತಡ್ಕೊಂಡ್ರೆ ಹೆಚ್ಚು. ಭಾವ ಬಂದು ಕಸಿ ಕಟ್ಟಿದ್ರೆ ಮರ ಉಳೀತದೆ. ಇಲ್ದಿದ್ರೆ ಸೌದೆ ಅಷ್ಟೇ."

ಗಂಗುಲಮ್ಮತ್ತಿಗೆ ಫೋನಿಟ್ಟು ಗೋಡೆಗೊರಗಿದಳು. "ಅಮ್ಮಾಜಿ, ನಾನೇನು ಮಾಡ್ಲೇ? ಅಮ್ಮನ ಮರಾನೂ ಬೇಕು, ಗಂಡಾನೂ ಬೇಕು. ಚಾಕು ಇಟ್ಕೊಂಡು ಬಸ್ಸಲ್ಲಿ ಹೋದ್ರೆ ದಾರೀಲೇ ಹಿಡ್ಕೊಂಡು ಹೋಗ್ತಾರೆ."

"ಯಾರು ಹೇಳಿದ್ದು?"

"ಊರೆಲ್ಲ ಹೇಳ್ತದೆ."

"ಊರಿಗೇನು ಕಾನೂನು ಗೊತ್ತು? ಗೊತ್ತಿರೋರ್ನೇ ಕರೀತೀನಿ ತಡಿ," ಎಂದೆ. ನಮ್ಮೂರ ಬೀಟಿಗೆ ಬರುವ ಪೊಲೀಸರ ನಂಬರು ಪಂಚಾಯಿತಿ ಗೋಡೆಯ ಮೇಲಿತ್ತು. ಫೋನು ಮಾಡಿದೆ. ಎತ್ತಿದವಳು ಅದೇ ಭಾನುಪ್ರಿಯಾ!

ಮಧ್ಯಾಹ್ನ ಸ್ಕೂಟಿಯಲ್ಲಿ ಬಂದಳು. ಗಂಗುಲಮ್ಮತ್ತಿಗೆ ಅವಳನ್ನು ಕಂಡಿದ್ದೇ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಗಂಡ ಅಂಥೋನಲ್ಲಮ್ಮ."

"ಗೊತ್ತಮ್ಮ. ಅದನ್ನ ಹೇಳಾಕೇ ಬಂದೆ. ಒಂದು ಲೋಟ ನೀರು ಕೊಡ್ತೀರಾ?"

ನೀರು ಕುಡಿದು ಹಜಾರದಲ್ಲಿ ಕೂತಳು. ಅವಳದು ಶಿಡ್ಲಘಟ್ಟದ ಕಡೆ, ಮನೆಯಲ್ಲಿ ರೇಷ್ಮೆ ಬೆಳೆ. "ನಮ್ಮಪ್ಪನ ಹತ್ರಾನೂ ಮಡಚೋ ಚಾಕಿದೆ. ಹಿಪ್ಪುನೇರಳೆ ಕಡ್ಡಿ ಸವರೋಕೆ," ಎಂದಳು.

"ಅಂದ್ರೆ ಅದು ತಪ್ಪಲ್ವಾ?" ಎಂದು ಗಂಗುಲಮ್ಮತ್ತಿಗೆ ಕೇಳಿದಳು.

"ಇಟ್ಕೊಳ್ಳೋದೇ ತಪ್ಪಲ್ಲಮ್ಮ. ಒಂಬತ್ತು ಇಂಚಿಗಿಂತ ಉದ್ದ, ಇಲ್ಲಾ ಎರಡು ಇಂಚಿಗಿಂತ ಅಗಲದ ಅಲಗಿದ್ರೆ ಅದನ್ನ ಆಯುಧ ಅಂತ ಕಾನೂನು ಲೆಕ್ಕಕ್ಕೆ ತಗೊಳ್ಳುತ್ತೆ. ಅದ್ರಲ್ಲೂ ಅಡುಗೆಮನೆಗೆ, ಹೊಲಕ್ಕೆ ಅಂತ್ಲೇ ಮಾಡಿದ್ದನ್ನ ಬಿಟ್ಟಿದಾರೆ. ಯಜಮಾನ್ರದು ಮೂರು ಬೆರಳುದ್ದ. ಅದಕ್ಕೆ ಲೈಸೆನ್ಸೂ ಬೇಡ, ಏನೂ ಬೇಡ."

"ಮತ್ತೆ ಅವತ್ತು ಯಾಕೆ ಬೈದ್ಯಮ್ಮ?" ಎಂದು ಅಣ್ಣ ಮೊದಲ ಸಲ ಬಾಯಿಬಿಟ್ಟ.

"ಚಾಕು ಸರಿಯಾಗೇ ಇತ್ತು, ಜಾಗ ಸರಿಯಿರಲಿಲ್ಲ ಯಜಮಾನ್ರೇ. ಮತಗಟ್ಟೆಗೆ ಬೇಡ. ಕೋರ್ಟಿಗೆ, ದೊಡ್ಡ ಕಚೇರಿಗೆ ಹೋಗೋವಾಗ ಬೇಡ, ಬಾಗಿಲಲ್ಲೇ ತಡೀತಾರೆ. ವಿಮಾನದಲ್ಲಿ ಜೊತೆಗಿಟ್ಕೊಂಡು ಕೂರೋ ಹಂಗೇ ಇಲ್ಲ. ಗಲಾಟೆ ಆಗಿ ನಿಷೇಧಾಜ್ಞೆ ಹಾಕಿದಾರೆ ಅಂತ ಗೊತ್ತಾದ್ರೆ, ಅದು ತೆಗೆಯೋವರೆಗೂ ಮನೇಲೇ ಇರ್ಲಿ. ಅನುಮಾನ ಬಂದ್ರೆ ಠಾಣೆಗೆ ಒಂದು ಫೋನ್ ಮಾಡಿ ಕೇಳಿ, ದುಡ್ಡೇನೂ ತಗೊಳ್ಳಲ್ಲ."

"ಗುಂಡಿ ಒತ್ತಿದ್ರೆ ಚಟಕ್ಕಂತ ಬಿಚ್ಕೊಳ್ಳೋದು ಚಿಂತಾಮಣಿ ಸಂತೇಲಿ ಬಂದಿದ್ಯಲ್ಲ?" ಎಂದೆ ನಾನು.

"ಅದರ ತಂಟೆಗೆ ಹೋಗ್ಬೇಡಿ ಅಮ್ಮಾಜಮ್ಮ. ಹೊಲದ ಕೆಲಸಕ್ಕೆ ಅದ್ಯಾಕೆ? ಇನ್ನೊಂದು ಮಾತು. ಚಾಕು ಎಷ್ಟೇ ಚಿಕ್ಕದಿರ್ಲಿ, ಜಗಳದಲ್ಲಿ ತೋರಿಸಿ ಹೆದರಿಸಿದ್ರೆ ಅದು ಅಪರಾಧಾನೇ. ಅಲ್ಲಿ ಇಂಚಿನ ಲೆಕ್ಕ ಇಲ್ಲ."

ಗಂಗುಲಮ್ಮತ್ತಿಗೆಗೆ ಇನ್ನೂ ಅನುಮಾನ. "ದಾರೀಲಿ ಯಾರಾದ್ರೂ ಪೊಲೀಸ್ನೋರು ಹಿಡ್ಕೊಂಡ್ರೆ?"

"ಜೇಬಲ್ಲಿ ಬೇಡ. ಮಡಚಿ, ಬಟ್ಟೇಲಿ ಸುತ್ತಿ, ಕಸಿ ಸಾಮಾನಿನ ಜೊತೆ ಚೀಲದಲ್ಲಿಡಿ. ಕೇಳಿದ್ರೆ ಕೈ ಹಾಕಿ ತೆಗೀಬೇಡಿ, ಬಿಚ್ಚಂತೂ ಬಿಚ್ಚಬೇಡಿ. ಇದೆ ಅಂತ ಬಾಯಲ್ಲಿ ಹೇಳಿ, ಯಾವ ಕೆಲಸಕ್ಕೆ ಅಂತ ಹೇಳಿ. ಅವ್ರೇ ನೋಡ್ತಾರೆ." ಆಮೇಲೆ ನಕ್ಕು, "ಯಜಮಾನ್ರೇ, ಅವತ್ತು ಹೇಳಕ್ಕಾಗ್ಲಿಲ್ಲ. ಎಂಥಾ ಅಲಗು ಇಟ್ಟಿದೀರಪ್ಪ!" ಎಂದಳು. ಅಣ್ಣನ ಮುಖ ಮೂರು ದಿನದ ಮೇಲೆ ಅರಳಿತು.

ಗಂಗುಲಮ್ಮತ್ತಿಗೆ ಎದ್ದು ಒಳಗೆ ಹೋದಳು. ರಾಗಿ ಡ್ರಮ್ಮಿನ ಮುಚ್ಚಳ ತೆಗೆದ ಸದ್ದಾಯಿತು. ಮೊಣಕೈವರೆಗೂ ರಾಗಿ ಮೆತ್ತಿಕೊಂಡು ಹೊರಗೆ ಬಂದು, ಚಾಕನ್ನು ಗಂಡನ ಮುಂದೆ ನೆಲದ ಮೇಲಿಟ್ಟಳು. "ತಗೋಳಯ್ಯ. ನಾಳೆ ಮೊದಲ್ನೇ ಬಸ್ಸಿಗೆ ಹೋಗಣ."

ನಾನೂ ಹೊರಟೆ, ನೋಡದೆ ಬಿಡುತ್ತೇನೆಯೇ? ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಯಾವುದೋ ಕಳ್ಳತನದ ಕಾರಣಕ್ಕೆ ಚೀಲ ತಪಾಸಣೆ ನಡೆದಿತ್ತು. ಗಂಗುಲಮ್ಮತ್ತಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಪೊಲೀಸಿನವರು ಹತ್ತಿರ ಬರುತ್ತಲೇ ಅಣ್ಣ ಚೀಲ ಕೆಳಗಿಟ್ಟು ಕೈ ಹಿಂದಕ್ಕೆಳೆದುಕೊಂಡ.

"ಸ್ವಾಮಿ, ಒಳಗೆ ಕಸಿ ಚಾಕಿದೆ, ಮಡಚಿದೆ. ತೊಂಡೇಬಾವಿಗೆ ಮಾವಿನ ಕಸಿ ಕಟ್ಟೋಕೆ ಹೋಗ್ತಿದೀನಿ. ನೀವೇ ನೋಡಿ."

ಅವರು ನೋಡಿದರು. ಚಾಕು, ಕಟ್ಟುವ ಪ್ಲಾಸ್ಟಿಕ್ ಪಟ್ಟಿ, ಐಸ್‌ಕ್ಯಾಂಡಿಯ ಖಾಲಿ ಕವರು. "ಹೋಗ್ಬನ್ನಿ ಯಜಮಾನ್ರೇ. ನಮ್ಮನೆ ಗಿಡಾನೂ ಕಾಯಿ ಬಿಡ್ತಿಲ್ಲ ನೋಡಿ," ಎಂದು ಚೀಲ ವಾಪಸ್ಸು ಕೊಟ್ಟರು. ಇಷ್ಟೇ ಆಗಿದ್ದು! ಇಷ್ಟಕ್ಕೆ ಮೂರು ದಿನ ಅನ್ನ ನೀರು ಬಿಟ್ಟಿದ್ದೆವು.

ತೊಂಡೇಬಾವಿಯಲ್ಲಿ ಅಮ್ಮನ ಮರ ಬೇರು ಮೇಲೆ ಮಾಡಿ ಮಲಗಿತ್ತು. ಗಂಗುಲಮ್ಮತ್ತಿಗೆ ಕಾಂಡ ತಬ್ಬಿಕೊಂಡು ಗೊಳೋ ಅಂತ ಅತ್ತಳು. ಅಣ್ಣ ಅಳಲಿಲ್ಲ. ಮೊಗ್ಗು ಉಬ್ಬಿದ ಕಡ್ಡಿಗಳನ್ನು ಆರಿಸಿ ಒದ್ದೆ ಗೋಣಿಯಲ್ಲಿಟ್ಟುಕೊಂಡು ಕೂತ. ಆ ಕೈಕೆಲಸ ನೋಡಲು ಕಣ್ಣೆರಡು ಸಾಲದು. ಗಿಡದ ತಲೆ ಕೊಯ್ದು, ನಡುವೆ ಸೀಳಿ, ಕಡ್ಡಿಯ ಬುಡವನ್ನು ಎರಡೇ ಗೀರಿಗೆ ಬೆಣೆಯಂತೆ ಸವರಿ, ಸೀಳಿನೊಳಗೆ ಕೂರಿಸಿ, ಪಟ್ಟಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರು ತೊಡಿಸುತ್ತಿದ್ದ. ಸಂಜೆ ಬೆಳಕು ಇಳಿಯುವಷ್ಟರಲ್ಲಿ ನಲವತ್ತೂ ಮುಗಿದವು.

ಮೂರು ವಾರಕ್ಕೆ ಗಂಗಾಧರನ ಫೋಟೋ ಬಂತು. ಕವರಿನೊಳಗೆ ಕೆಂಪು ಚಿಗುರು. ನಲವತ್ತರಲ್ಲಿ ಮೂವತ್ತೇಳು ಹತ್ತಿದ್ದವು.

ಅದರಲ್ಲಿ ಒಂದನ್ನು ಗಂಗುಲಮ್ಮತ್ತಿಗೆ ನಮ್ಮೂರ ಶಾಲೆಗೆ ತಂದಳು. ಜಗಲಿಯ ಪಕ್ಕ, ಅವತ್ತು ಅಣ್ಣ ಚಾಕು ಕೆಳಗಿಟ್ಟನಲ್ಲ, ಅಲ್ಲೇ ಗುಂಡಿ ತೋಡಿಸಿದಳು. ಬೀಟಿಗೆ ಬಂದ ಭಾನುಪ್ರಿಯಾಳ ಕೈಯಿಂದಲೇ ಮೊದಲ ಚೊಂಬು ನೀರು ಹಾಕಿಸಿದಳು. "ಇದು ನಮ್ಮಮ್ಮ ಕಣಮ್ಮ, ನೀನು ಉಳಿಸಿದ್ದು," ಎಂದಳು. ಆ ಹುಡುಗಿಯ ಕಣ್ಣು ತುಂಬಿತು. ನನ್ನದೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ಈಗ ಗಂಗುಲಮ್ಮತ್ತಿಗೆ ದಿನಾ ಬೆಳಿಗ್ಗೆ ಹೊಸಿಲಲ್ಲಿ ನಿಂತು ಗಂಡನನ್ನು ಕೇಳುತ್ತಾಳೆ: "ತೋಟಕ್ಕಾ, ಕಚೇರಿಗಾ?" ತೋಟಕ್ಕಾದರೆ ಚಾಕು ಚೀಲಕ್ಕೆ. ಕಚೇರಿಗಾದರೆ ಗೋಡೆಯ ಗೂಡಿಗೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದ ಮೇಲೆ ಒಮ್ಮೆ ಎದ್ದು ನಿಂತು ನಿಮ್ಮ ಜೇಬು ಮುಟ್ಟಿ ನೋಡಿಕೊಳ್ಳಿ. ಚಾಕು ಇದೆಯೇ? ನಾಚಿಕೆ ಬೇಡ, ಅದು ನಿಮ್ಮ ಅನ್ನ ದುಡಿಯುವ ಸಾಮಾನು. ಆದರೆ ಎಲ್ಲಿಗೆ ಹೊರಟಿದ್ದೀರಿ ಎಂದು ನಿಮ್ಮ ಮನೆಯ ಹೊಸಿಲಲ್ಲೂ ಒಬ್ಬರು ಕೇಳಲಿ. ಯಾರಾದರೂ ತಡೆದು ಕೇಳಿದರೆ ಬಿಚ್ಚಿ ತೋರಿಸಬೇಡಿ, ಬಾಯಿಬಿಟ್ಟು ಹೇಳಿ. ಚಾಕು ಬಿಚ್ಚುವುದು ಗಿಡದ ಮುಂದೆ ಮಾತ್ರ ಇರಲಿ.