ಹಗೆಯವನ ಕೈಯಲ್ಲಿ ಹಗ್ಗ

ತೀರಿಕೊಂಡ ನನ್ನ ಗಂಡ ತಾರ್ಸ ಯಾರ ಹೆಸರೆತ್ತಿದರೆ ಉರಿದುಬೀಳುತ್ತಿದ್ದನೋ, ಅವನ ಕೈಗೇ ನನ್ನ ಮಗನ ಜೀವ ಕೊಟ್ಟು ಕೂತಿದ್ದೆ. ಏನು ಮಾಡಲಿ, ನಮ್ಮ ಬೆಟ್ಟದ ಕಟ್ಟಳೆ ಅದು. ಸತ್ತವನ ಬೂದಿಗೆ ದೇವರ ಬಂಡೆಯಲ್ಲಿ ಗೂಡು ಕೆತ್ತುವವನು ಮಗ. ಅವನ ಸೊಂಟಕ್ಕೆ ಕಟ್ಟಿ ಇಳಿಬಿಟ್ಟ ಹಗ್ಗವನ್ನು ಮೇಲಿನಿಂದ ಹಿಡಿಯಬೇಕಾದವನು ಸತ್ತವನಿಗೆ ಹಗೆಯಾಗಿದ್ದವನು. ಬೇರೆ ಯಾರೂ ಹಗ್ಗ ಮುಟ್ಟಬಾರದು. ಬೂದಿ ಗೂಡು ಸೇರುವವರೆಗೆ ಅವನು ತುಟಿ ಬಿಚ್ಚಬಾರದು. ಒಂದು ಮಾತಾಡಿದರೂ ಹಳೆಯ ಜಗಳ ಎದ್ದು ಕೂರುತ್ತದೆ, ಸತ್ತವನು ಗೂಡು ಸೇರುವುದಿಲ್ಲ. ಬಂಡೆಯ ಮೇಲಿನ ಬಿಸಿಲು ಹೋಗುವುದರೊಳಗೆ ಬೂದಿಯ ಕುಡಿಕೆ ಒಳಗಿರಬೇಕು.

ಆ ಹಗೆ ಬೇರೆ ಯಾರೂ ಅಲ್ಲ, ಗಂಡನ ಸ್ವಂತ ತಮ್ಮ ಮುಕಪೋರ. ಬೇಸಿಗೆಯ ಹುಲ್ಲುಗಾವಲಿಗಾಗಿ ಕಿತ್ತಾಡಿ ನಮ್ಮ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟವನು. ನನ್ನ ಮಗ ದೀಜ ಬಿದ್ದುಹೋದರೆ ಕುರಿ, ಕುದುರೆ, ಮನೆ ಎಲ್ಲ ಅವನ ಪಾಲು. ಇದು ನನಗೆ ಗೊತ್ತು, ಅವನಿಗೆ ಗೊತ್ತು, ಕೆಳಗೆ ಬೆಂಕಿಯ ಮುಂದೆ ದ್ರಾಕ್ಷಾರಸ ಹಿಡಿದು ನಿಂತಿದ್ದ ಪೂಜಾರಿಗೂ ಗೊತ್ತು.

"ಏನಪ್ಪಾ ಮೈದುನ, ಕೈ ನೋಯ್ತಿದೆಯಾ? ಹುಲ್ಲುಗಾವಲು ಕಿತ್ಕೊಳ್ಳೋವಾಗ ನೋಯ್ಲಿಲ್ವಲ್ಲ!" ಎಂದೆ, ಬಂಡೆಯ ನೆತ್ತಿಯಲ್ಲಿ ಅವನ ಪಕ್ಕದಲ್ಲೇ ಕೂತು. ಅವನು ಬಂಡೆಗೆ ಕಾಲು ಕೊಟ್ಟು, ಕೂತಲ್ಲೇ ಹಗ್ಗವನ್ನು ಇನ್ನಷ್ಟು ಬಿಗಿಹಿಡಿದ.

"ಅಮ್ಮಾ, ನಿನ್ ದಮ್ಮಯ್ಯ!" ಕೆಳಗಿನಿಂದ ದೀಜ ಕೂಗಿದ. "ಹಗ್ಗ ಹಿಡ್ದಿರೋರ್ನ ಕೆಣಕ್ಬೇಡ ಮಾರಾಯ್ತಿ, ಇಲ್ಲಿ ನೇತಾಡ್ತಿರೋನು ನಾನು!"

ಬಿಸಿಲು ಜರುಗುತ್ತಿತ್ತು. ಉಳಿಯ ಸದ್ದು ಜೋರಾಯಿತು. ಇದ್ದಕ್ಕಿದ್ದಂತೆ ಮುಕಪೋರ ಕೂತಲ್ಲಿಂದ ಎದ್ದು, ಬಾಗಿ, ಅಂಚಿನ ಕಡೆಗೆ ನುಗ್ಗಿ ಬೋರಲು ಬಿದ್ದ. ಹಗ್ಗ ಸಡಿಲಾಯಿತು. ಕೆಳಗಿನಿಂದ "ಅಯ್ಯೋ!" ಎಂಬ ಕೂಗು ಬಂತು.

ನನಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. ಬೋರಲು ಮಲಗಿದ್ದವನ ಬೆನ್ನಿಗೆ ಗುದ್ದಿದೆ. ಕೂದಲು ಹಿಡಿದು ಜಗ್ಗಿದೆ. "ಪಾಪಿ, ಹಗ್ಗ ಬಿಡ್ತೀಯಾ? ನನ್ ಮಗನ್ನ ಕೊಲ್ತೀಯಾ?" ಎನ್ನುತ್ತಾ ಕೈಗೆ ಸಿಕ್ಕ ಕಲ್ಲಿನಿಂದ ಹೆಗಲಿಗೆ ಬಾರಿಸಿದೆ. ಅವನ ಬಾಯಿ ತೆರೆಯಿತು. ತಕ್ಷಣ ರಕ್ತ ಬರುವಂತೆ ತುಟಿ ಕಚ್ಚಿಕೊಂಡು ಗದ್ದದಿಂದ ಅಂಚನ್ನು ತೋರಿಸಿದ.

ಬಗ್ಗಿ ನೋಡಿದೆ. ಕಲ್ಲಿನ ಚೂಪು ಅಂಚಿಗೆ ಉಜ್ಜಿ ಹಗ್ಗದ ಎಳೆಗಳು ಅರ್ಧಕ್ಕರ್ಧ ಕಿತ್ತುಹೋಗಿದ್ದವು. ಅವನು ತನ್ನ ಮುಂಗೈಯನ್ನು ಹಗ್ಗಕ್ಕೂ ಕಲ್ಲಿಗೂ ನಡುವೆ ತೂರಿಸಿದ್ದ. ಮಗ ಒಂದೊಂದು ಪೆಟ್ಟು ಹಾಕಿದಾಗಲೂ ಹಗ್ಗ ಆ ಮಾಂಸದೊಳಗೆ ಇಳಿಯುತ್ತಿತ್ತು.

"ದೀಜಾ, ಹಗ್ಗ ಸವೆದಿದೆ ಕಣೋ! ಬಾ ಮೇಲೆ!"

"ಇನ್ನೊಂದ್ ಚೂರು ಅಮ್ಮಾ! ಅಪ್ಪನ್ನ ಹೊರಗೇ ಬಿಟ್ಟು ಬರ್ಲಾ?"

ಮುಕಪೋರ ಒಂದೊಂದು ಪೆಟ್ಟಿಗೂ ಅಂಚಿನತ್ತ ಜಾರುತ್ತಿದ್ದ. ಹಗ್ಗ ಮುಟ್ಟಬಾರದು ಸರಿ, ಮನುಷ್ಯನನ್ನು ಮುಟ್ಟಬಾರದೆಂದು ಯಾವ ಪೂಜಾರಿಯೂ ಹೇಳಿಲ್ಲವಲ್ಲ! ಅವನ ಕಾಲಿನ ಮೇಲೆ ಕೂತು ಸೊಂಟವನ್ನು ಅವುಚಿ ಹಿಡಿದೆ. ನಾನು ಹೊಡೆದ ಹೆಗಲಿನ ರಕ್ತ ನನ್ನ ಕೆನ್ನೆಗೆ ಹತ್ತುತ್ತಿತ್ತು. ನಾಚಿಕೆಯಿಂದ ಸತ್ತೇಹೋಗಬೇಕು ಅನಿಸಿತು.

"ಕುಡಿಕೆ ಒಳಗೆ ಹೋಯ್ತು!" ಎಂದ ಮಗ. ಬಿಸಿಲಿನ ಕೊನೆಯ ಪಟ್ಟಿ ಇನ್ನೂ ಬಂಡೆಯ ಮೇಲಿತ್ತು. ಪೂಜಾರಿ ಬೆಂಕಿಗೆ ದ್ರಾಕ್ಷಾರಸ ಸುರಿದ. ಉರಿ ಎತ್ತರಕ್ಕೆ ಎದ್ದಿತಂತೆ, ಸತ್ತವನು ಗೂಡು ಸೇರಿದನೆಂದು ಕೆಳಗೆ ನೆರೆದಿದ್ದ ಜನ ಕೇಕೆ ಹಾಕಿದರು. ನಾನು ನೋಡಲಿಲ್ಲ. ಕಲ್ಲಿನ ಕಚ್ಚುಗಳಲ್ಲಿ ಕಾಲಿಟ್ಟು ಮೇಲೆ ಬರುತ್ತಿದ್ದ ಮಗನ ಉಸಿರನ್ನೇ ಕೇಳುತ್ತಿದ್ದೆ. ಮೊದಲು ಅವನ ಕೈ ಕಂಡಿತು, ಆಮೇಲೆ ತಲೆ. ಅಂಚು ದಾಟಿ ನಮ್ಮ ಪಕ್ಕದಲ್ಲೇ ಕುಸಿದು ಕೂತ.

"ಚಿಕ್ಕಪ್ಪಾ, ಬಂದೆ. ಬಿಡು ಇನ್ನು."

ಮುಕಪೋರ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದ.

"ಅತ್ತಿಗೆ," ಎಂದ. ಆ ದನಿ ಕೇಳಿ ಎಷ್ಟು ಕಾಲವಾಗಿತ್ತೋ. "ಹುಡುಗ ಎಲ್ಲಿ?"

"ಇಲ್ಲೇ ಇದಾನೆ ಕಣಪ್ಪಾ, ನಿನ್ ಪಕ್ಕದಲ್ಲೇ. ಹಗ್ಗ ಬಿಡು."

"ಬಿಡೋಕೆ ಆಗ್ತಿಲ್ಲ. ಬೆರಳು ನನ್ ಮಾತು ಕೇಳ್ತಿಲ್ಲ. ನೀನೇ ಬಿಡಿಸು."

ಮರಗಟ್ಟಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಕಿರುಬೆರಳಿಗೆ ಬರುವಷ್ಟರಲ್ಲಿ ನನಗೆ ಅಳು ತಡೆಯಲಾಗಲಿಲ್ಲ.