ಶೈಲಾಳ ಹೆಬ್ಬೆಟ್ಟು

ಬೆಳಿಗ್ಗೆ ಐದರಿಂದ ಎಂಟೂವರೆವರೆಗೆ ನಾನೂ ಶೈಲಾಳೂ ಬಸವಾಪಟ್ಟಣದ ಷಣ್ಮುಖಪ್ಪನವರ ಶೆಡ್ಡಿನಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದೆವು. ಆಮೇಲೆ ಓಡಿಹೋಗಿ ಬಸ್ಸು ಹಿಡಿದರೆ ಚನ್ನಗಿರಿಯ ಕಾಲೇಜು. ಬಿ.ಎ. ಕೊನೆಯ ವರ್ಷ. ಅಡಿಕೆಯ ಕರೆ ಬೆರಳಿಗೆ ಹತ್ತಿದರೆ ಎಷ್ಟು ತೊಳೆದರೂ ಹೋಗದು. ಬಸ್ಸಿನಲ್ಲಿ ಕೈ ಮುಚ್ಚಿಕೊಂಡು ಕೂರುತ್ತಿದ್ದೆವು.

ಆ ವರ್ಷ ಕಾಲೇಜಿಗೆ ಹೆಬ್ಬೆಟ್ಟಿನ ಮಿಷನ್ ಬಂತು. ಅದು ಒಪ್ಪಿದರೆ ಹಾಜರಿ, ಇಲ್ಲದಿದ್ದರೆ ಗೈರು. ನನ್ನ ಹೆಬ್ಬೆಟ್ಟನ್ನು ಮೂರನೇ ಸಲಕ್ಕಾದರೂ ಒಪ್ಪುತ್ತಿತ್ತು. ಶೈಲಾಳದನ್ನು ಒಪ್ಪಲೇ ಇಲ್ಲ.

"ಕರೆ ಇದ್ರೆ ಅದಕ್ಕೆ ತಿಳಿಯಲ್ಲ ಕಣೇ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕು" ಅಂದವಳು ನಾನೇ. ಅವಳು ನಂಬಿ ವಾರವಿಡೀ ತಿಕ್ಕಿದಳು. ಕರೆಯ ಜೊತೆ ಚರ್ಮವೂ ಹೋಯಿತು. ಹೆಬ್ಬೆಟ್ಟಿನಲ್ಲಿ ಒಂದು ಗೆರೆಯೂ ಉಳಿಯಲಿಲ್ಲ. ಈಗಲೂ ಎಲ್ಲಾದರೂ ಬ್ಲೀಚಿಂಗ್ ವಾಸನೆ ಬಂದರೆ ಅಲ್ಲಿಂದ ಎದ್ದು ಹೋಗುತ್ತೇನೆ.

ಪರೀಕ್ಷೆ ಹತ್ತಿರ ಬಂತು. ಆಫೀಸಿನ ಗುಮಾಸ್ತ ಪ್ರಸನ್ನಕುಮಾರ್ ಕಂಪ್ಯೂಟರ್ ನೋಡಿ ಶೈಲಾಳಿಗೆ ಹೇಳಿದ:

"ನಿಂದು ಹಾಜರಿ ಕಮ್ಮಿ ಐತಮ್ಮ. ಪರೀಕ್ಷೆಗೆ ಕೂರಂಗಿಲ್ಲ."

"ದಿನಾ ಬಂದೀನಿ ಸಾರ್. ಮೇಷ್ಟ್ರನ್ನ ಕೇಳ್ರಿ."

"ಮೇಷ್ಟ್ರು ಹೇಳಿದ್ರೆ ನಡೆಯಲ್ಲ. ಮಿಷನ್ ಹೇಳ್ಬೇಕು. ಅದರಾಗೆ ನೀನು ಬಂದೇ ಇಲ್ಲ."

ಮೇಷ್ಟ್ರು ಪಕ್ಕದಲ್ಲೇ ನಿಂತು ಮೊಬೈಲ್ ನೋಡುತ್ತಿದ್ದರು. ನಾನೂ ಬಾಯಿ ಬಿಡಲಿಲ್ಲ. ನನ್ನ ಹಾಲ್ ಟಿಕೆಟ್ ಇನ್ನೂ ಅವನ ಮೇಜಿನ ಮೇಲಿತ್ತು.

ಇತಿಹಾಸದ ಪರೀಕ್ಷೆಯಲ್ಲಿ ಕಾಗೋಡು ಸತ್ಯಾಗ್ರಹದ ಪ್ರಶ್ನೆ ಬಂತು. ಶೈಲಾ ಅಡಿಕೆ ಸುಲಿಯುತ್ತಲೇ ನನಗೆ ಕಲಿಸಿದ್ದ ಪಾಠ ಅದು. ಒಂದೊಂದು ಸಾಲು ಬರೆದಾಗಲೂ ಅವಳ ದನಿ ಕಿವಿಯಲ್ಲೇ ಕೇಳಿಸುತ್ತಿತ್ತು. ತಿರುಗಿ ನೋಡಿದೆ. ಅವಳ ಜಾಗದಲ್ಲಿ ಯಾರೂ ಇರಲಿಲ್ಲ. ಆದರೂ ಬರೆದೆ, ನಾಲ್ಕು ಪುಟ ಬರೆದೆ. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮರುದಿನ ಶೆಡ್ಡಿನಲ್ಲಿ ಅವಳು ತಲೆ ಎತ್ತದೆ ಕೇಳಿದಳು:

"ಏನು ಬಂದಿತ್ತೇ?"

ಹೇಳಿದೆ.

ಅವಳ ಕೈ ನಿಂತಿತು. ಉತ್ತರ ಹೇಳತೊಡಗಿದಳು. ಜಮೀನಿನ ಒಡೆಯರು ಅಳತೆಗಿಂತ ದೊಡ್ಡ ಕೊಳಗದಲ್ಲಿ ಗೇಣಿ ಭತ್ತ ಅಳೆದುಕೊಂಡದ್ದು, ರೈತರು ಕೊಡುವುದಿಲ್ಲ ಅಂದದ್ದು, ನೇಗಿಲು ಹಿಡಿದು ಗದ್ದೆಗಿಳಿದು ಜೈಲಿಗೆ ಹೋದದ್ದು. ಎಲ್ಲೂ ತಡವರಿಸಲಿಲ್ಲ. ಸುತ್ತ ಕೂತ ಹೆಂಗಸರ ಕೈಗಳೂ ಒಂದೊಂದಾಗಿ ನಿಂತವು.

ಷಣ್ಮುಖಪ್ಪನವರು ಒಳಗೆ ಬಂದರು.

"ಏನ್ರೇ ಇದು ಹರಟೆ? ಕೈ ಆಡಿಸ್ರಿ."

ಎಲ್ಲರಿಗಿಂತ ಹಿರಿಯಳಾದ ಚೌಡಮ್ಮ ಕೂತಲ್ಲಿಂದಲೇ ಅಂದಳು:

"ಸುಮ್ಕಿರ್ರಿ ಸಾವ್ಕಾರ್ರೆ. ಹುಡುಗಿ ಪರೀಕ್ಷೆ ಬರೀತೈತೆ."