ಬಿಡು ಅಂದವರು ಯಾರು

"ಹೇಳೋದಿದ್ರೆ ಈಗ್ಲೇ ಹೇಳು. ಮೂರು ಗಂಟೆ ಮೇಲೆ ನಿನ್ಹತ್ರ ಗಂಟಲೇ ಇರಲ್ಲ," ಎಂದ ಗೋಡೆ.

ಮಂಚದ ಮೇಲಿದ್ದ ಕೊಕ್ಕರೆ ನಕ್ಕ. ಗೋಡೆ, ಕೊಕ್ಕರೆ, ಎರಡೂ ಆಟದ ದಿನಗಳ ಅಡ್ಡಹೆಸರು. ನಗುವೆಂದರೇನು, ಗಾಳಿ ಹೋದ ಚೆಂಡನ್ನು ಅಮುಕಿದ ಹಾಗೆ ಒಂದು ಸದ್ದು. ಎಂಟು ತಿಂಗಳಿಂದ ಅವನ ಗಂಟಲಲ್ಲಿ ಗಡ್ಡೆ. ಇವತ್ತು ಮಧ್ಯಾಹ್ನ ಧ್ವನಿಪೆಟ್ಟಿಗೆಯನ್ನೇ ತೆಗೆಯುವುದೆಂದು ಡಾಕ್ಟರು ಹೇಳಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗಿದ್ದರು. ಹಾಕಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಸಹಿಯನ್ನೂ ಗೋಡೆಯೇ ಹಾಕಿದ್ದ. ವಾರಕ್ಕೆರಡು ಸಲ ಈ ಆಸ್ಪತ್ರೆಯ ಹಾಸು ಹೊದಿಕೆಗಳನ್ನು ಒಗೆದು ಇಸ್ತ್ರಿ ಮಾಡಿ ತಂದುಕೊಡುವ ಲಾಂಡ್ರಿಯಲ್ಲಿ ಅವನಿಗೆ ಕೆಲಸ. ಹೋದ ವಾರ ಗಂಟು ಇಳಿಸುವಾಗ ಹನ್ನೊಂದನೇ ಮಂಚದಿಂದ ಎರಡು ಉದ್ದನೆಯ ಕಾಲು ಹೊರಚಾಚಿದ್ದು ಕಂಡಿತ್ತು. ಅಷ್ಟು ಉದ್ದದ ಕಾಲು ಊರಿಗೆಲ್ಲ ಒಬ್ಬನದೇ.

"ಊಟ ಆಯ್ತಾ, ನೋವಿದ್ಯಾ ಅಂತ ಒಂದು ಮಾತಿಲ್ಲ. ಬಂದವನೇ ಪೊಲೀಸಿನವನ ಥರ ಕೂತಿದ್ದೀಯ," ಎಂದು ಕೊಕ್ಕರೆ ಪಿಸುಗುಟ್ಟಿದ.

"ನಂದೊಂದೇ ಪ್ರಶ್ನೆ. ಹತ್ತೊಂಬತ್ತು ವರ್ಷದಿಂದ ಅದೊಂದೇ."

"ಹತ್ತೊಂಬತ್ತು ವರ್ಷದಿಂದ ಉತ್ತರಾನೂ ಒಂದೇ. ನಾನು ಬಾಯಿ ತೆಗ್ದಿಲ್ಲ. ಹೋಗ್ಲಿ, ಮರ್ತುಹಾಕು."

ನೋಡಿ, ಮತ್ತೆ ಹೋಗ್ಲಿ! ಯಾವ ಮನುಷ್ಯನ ಬಾಯಲ್ಲೂ ದಿನಕ್ಕೆ ನೂರು ಸಲ 'ಬಿಡು' ಬರುತ್ತದೆ. ಬಿಡು ಅತ್ಲಾಗೆ, ಅದಿರ್ಲಿ ಬಿಡು, ನೀನೊಬ್ಬ ಬಿಡು. ಕೊಕ್ಕರೆ ಮಾತ್ರ ಮದುವೆಮನೆಯಲ್ಲಿ ಸಿಗಲಿ, ಮಸಣದಲ್ಲಿ ಸಿಗಲಿ, ಗೋಡೆಯ ಎದುರಿಗೆ ಆ ಮಾತೊಂದನ್ನು ಆಡುತ್ತಿರಲಿಲ್ಲ. ಗೋಡೆ ಇದನ್ನು ಗಮನಿಸಿ ಹೆಂಡತಿಗೆ ಹೇಳಿದ್ದ. "ನಿಮಗೆ ಕಿವಿಯಲ್ಲೂ ಅದೇ, ತಲೆಯಲ್ಲೂ ಅದೇ," ಎಂದು ಅವಳು ಎದ್ದು ಹೋಗಿದ್ದಳು.

ಇಬ್ಬರೂ ಮೊದಲು ಗಿರಣಿಯ ಫುಟ್‌ಬಾಲ್ ತಂಡದಲ್ಲಿ ಆರು ವರ್ಷ, ಆಮೇಲೆ ಬಂದರು ತಂಡದಲ್ಲಿ ಐದು ವರ್ಷ ಒಟ್ಟಿಗೆ ಆಡಿದವರು. ಕೊಕ್ಕರೆ ಗೋಲು ಕಾಯುವ ಗೋಲಿ, ಇವನು ಅವನ ಮುಂದಿನ ಡಿಫೆಂಡರ್. ಗೋಡೆಯ ಹಾಗೆ ನಿಲ್ಲುತ್ತಾನೆಂದೇ ಜನ ಆ ಹೆಸರಿಟ್ಟದ್ದು. ಹಿಂದೆ ಚೆಂಡು ನೋಡುವವನು ಕೊಕ್ಕರೆ, ಮುಂದೆ ನಿಲ್ಲುವವನು ಗೋಡೆ. ಇಬ್ಬರ ನಡುವೆ ಎರಡೇ ಮಾತು. 'ಹೊಡಿ' ಎಂದರೆ ಇವನು ಚೆಂಡನ್ನು ಹೊರಗಟ್ಟಬೇಕು. 'ಬಿಡು' ಎಂದರೆ ಇವನು ಸುಮ್ಮನಾಗಬೇಕು, ಚೆಂಡು ಗೋಲಿಗೆ. "ಹೊಡಿ ಅಂದ್ರೆ ಹೊಡಿ, ಇನ್ನೊಂದು ಅಂದ್ರೆ ಇನ್ನೊಂದು. ಮಧ್ಯೆ ಯೋಚನೆಗೀಚನೆ ಮಾಡೋಕೆ ಹೋಗ್ಬೇಡ, ಅದು ನಿನ್ನ ಕೈಲಾಗೋ ಕೆಲ್ಸ ಅಲ್ಲ," ಎಂದು ಕೊಕ್ಕರೆ ತಮಾಷೆ ಮಾಡುತ್ತಿದ್ದ. ಹನ್ನೊಂದು ವರ್ಷ ಗೋಡೆ ಯೋಚನೆ ಮಾಡಲಿಲ್ಲ. ಆ ದನಿ ಕಿವಿಗೆ ಬೀಳುವುದೊಂದೇ ತಡ, ಕಾಲು ತಾನಾಗಿ ನಿಲ್ಲುತ್ತಿತ್ತು.

ಹನ್ನೆರಡನೇ ವರ್ಷ ಕೊಕ್ಕರೆ ಒಬ್ಬನೇ ಗಿರಣಿ ತಂಡಕ್ಕೆ ವಾಪಸಾದ. ಆ ಸಲದ ಲೀಗಿನ ಕೊನೆಯ ಪಂದ್ಯ ಈ ಎರಡೇ ತಂಡಗಳಿಗೆ ಬಿತ್ತು. ಅಂಕದಲ್ಲಿ ಮುಂದಿದ್ದ ಬಂದರು ತಂಡ ಡ್ರಾ ಮಾಡಿಕೊಂಡರೂ ಕಪ್ ಅವರದ್ದೇ. ಕೊನೆಯ ನಿಮಿಷದಲ್ಲಿ ಗಿರಣಿಯವರಿಗೆ ಕಾರ್ನರ್ ಸಿಕ್ಕಿತು. ಗೆಲ್ಲಲೇಬೇಕಾದ ತಂಡ ಆ ಗಳಿಗೆಯಲ್ಲಿ ಗೋಲಿಯನ್ನೂ ಮುಂದಕ್ಕೆ ಕಳಿಸುತ್ತದೆ. ಕೊಕ್ಕರೆ ಮೈದಾನ ಪೂರ್ತಿ ಓಡಿ ಬಂದು ಗೋಡೆಯ ಬೆನ್ನ ಹಿಂದೆ ನಿಂತ. ಚೆಂಡು ತೇಲಿ ಬಂತು. ಗೋಡೆ ಹಾರಲು ಮಂಡಿ ಬಾಗಿಸಿದ. ಹಿಂದಿನಿಂದ ಕೇಳಿಸಿತು: ಬಿಡು!

ಗೋಡೆ ಬಿಟ್ಟ. ಚೆಂಡು ಅವನ ತಲೆಯ ಮೇಲೆ ಹಾದು ಗಿರಣಿಯ ಇನ್ನೊಬ್ಬನ ಹಣೆಗೆ ತಾಗಿ ಗೋಲಾಯಿತು.

ಸ್ಟೇಡಿಯಮ್ಮಿನ ಗದ್ದಲದಲ್ಲಿ ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಹಾರಬೇಕಾದವನು ಕಂಬದ ಹಾಗೆ ನಿಂತದ್ದನ್ನು ಮಾತ್ರ ಮೂವತ್ತು ಸಾವಿರ ಜನ ನೋಡಿದರು. ಹಳೇ ತಂಡದ ಋಣ ತೀರಿಸಿದ ಎಂದರು, ಮಾರಿಕೊಂಡ ಎಂದರು. ಕಂಡವರ ಬಾಯಿಗೆ ಬೀಗ ಹಾಕಲಾದೀತೇ? ವಿಚಾರಣೆಯಲ್ಲಿ ಕೊಕ್ಕರೆಯನ್ನು ಕರೆದು ಕೇಳಿದರು. "ನಾನು ಬಾಯಿ ತೆಗ್ದಿಲ್ಲ," ಎಂದ. ಗೋಡೆಗೆ ಎರಡು ವರ್ಷ ನಿಷೇಧ. ಮೂವತ್ತೊಂದು ವರ್ಷ ವಯಸ್ಸಿನವನಿಗೆ ಎರಡು ವರ್ಷವೆಂದರೆ ಮುಗಿಯಿತೆಂದೇ ಅರ್ಥ. ಬೀದಿಯಲ್ಲಿ ಅವನ ಹೆಸರು ಬಾಗಿಲು ಎಂದಾಯಿತು. ಮಗ ಶಾಲೆಯಲ್ಲಿ ಅಪ್ಪ ಯಾರೆಂದು ಹೇಳುವುದನ್ನು ನಿಲ್ಲಿಸಿದ, ದೊಡ್ಡವನಾದ ಮೇಲೆ ಮನೆಗೆ ಬರುವುದನ್ನೂ ನಿಲ್ಲಿಸಿದ. ಹೆಂಡತಿ ಬಹಳ ವರ್ಷ ನಂಬಿದಳು. ಸಾಯುವ ಮುಂಚಿನ ತಿಂಗಳು ಮಾತ್ರ, "ಯಾರೂ ಕೂಗಿಲ್ಲವೇನೋ ರೀ. ನಿಮಗೆ ಹಾಗನಿಸಿತೇನೋ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ಗೋಡೆ ತಡೆದುಕೊಳ್ಳುತ್ತಿದ್ದ. ಅವಳು ಕನಿಕರದಿಂದ ಹೇಳಿದ್ದಳು. ಅಂದಿನಿಂದ ಅವನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಹೋಯಿತು.

ಆದ್ದರಿಂದಲೇ ಇವತ್ತು ಬಂದದ್ದು. ಕೊಕ್ಕರೆ ನಾಳೆ ಕಾಗದದಲ್ಲಿ ಬರೆದು ಕೊಟ್ಟರೆ ಪ್ರಯೋಜನವಿಲ್ಲ, ಬರಹಕ್ಕೆ ದನಿಯಿಲ್ಲ. ಆ ಮಾತನ್ನು ಆ ಗಂಟಲಲ್ಲಿ ಒಂದು ಸಲ ಕೇಳಿದರೆ ಸಾಕು, ಅವತ್ತಿನದು ಹೌದೋ ಅಲ್ಲವೋ ಎಂದು ತನಗೆ ಗೊತ್ತಾಗುತ್ತದೆ.

"ಸರಿ, ಅವತ್ತಿಂದು ಬೇಡ," ಎಂದ ಗೋಡೆ. "ಸುಮ್ನೆ ಆ ಮಾತು ಒಂದ್ಸಲ ಹೇಳು. ಯಾವ ಮಾತು ಅಂತ ನಿಂಗೆ ಗೊತ್ತು."

ಕೊಕ್ಕರೆ ಕಿಟಕಿಯ ಕಡೆ ತಿರುಗಿ ಮಲಗಿದ.

ಎರಡೂವರೆಗೆ ನರ್ಸಮ್ಮ ಗಾಲಿಮಂಚ ತಂದರು. ವಾರ್ಡಿನ ಕೆಲಸದವನು ತಲೆಯ ಕಡೆ ತಳ್ಳುತ್ತ ಬಂದ. ಗೋಡೆ ಮುಂದುಗಡೆಯ ಕಂಬಿಯನ್ನು ಬೆನ್ನ ಹಿಂದೆ ಕೈ ಮಾಡಿ ಹಿಡಿದು ಎಳೆಯುತ್ತ ನಡೆದ. ಮಾತು ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಲಿಫ್ಟು ಹಳೆಯದು, ಕಬ್ಬಿಣದ ಜಾಲರಿ ಬಾಗಿಲಿನದು. ಗೋಡೆ ಒಳಗೆ ಹೋದ. ಗಾಲಿ ಹೊಸ್ತಿಲಿಗೆ ಸಿಕ್ಕಿ ಮಂಚ ನಿಂತಿತು. ಕಂಬಿ ಹಿಡಿದ ಕೈ ಸರಿಯಾಗಿ ಬಾಗಿಲ ಸಂದಿಯಲ್ಲಿ. ಕೊಂಡಿ ಜಾರಿದ ಜಾಲರಿ ಸರ್ರನೆ ಬರತೊಡಗಿತು.

"ಬಿಡು!"

ಕೈ ಬಿಟ್ಟಿತು. ಗೋಡೆ ಬಿಡಲಿಲ್ಲ, ಕೈ ತಾನಾಗಿ ಬಿಟ್ಟಿತು. ಬೆರಳುಗಳಿದ್ದ ಜಾಗದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು.

ದನಿ ಒಡೆದಿತ್ತು. ಆದರೂ ಅದೇ. 'ಡು' ಪೂರ್ತಿಯಾಗುವ ಮೊದಲೇ ಹಲ್ಲಲ್ಲಿ ಕಚ್ಚಿ ತುಂಡರಿಸಿದಂಥ ಅದೇ ಮಾತು. ಗೋಡೆ ನಿಧಾನಕ್ಕೆ ತಿರುಗಿದ. ಜಾಲರಿಯ ಆಚೆ ಕೊಕ್ಕರೆ ಅರ್ಧ ಎದ್ದು ಕೂತಿದ್ದ, ಕತ್ತಿನ ನರಗಳು ಉಬ್ಬಿದ್ದವು. ಬಾಯಿ ಮುಚ್ಚಿಕೊಳ್ಳಲು ಕೈ ಎತ್ತಿದವನು ಹಾಗೆಯೇ ಇಳಿಸಿದ.

"ನೀನೇ," ಎಂದ ಗೋಡೆ.

"ಬೇಕು ಅಂತ ಅಲ್ವೋ." ಕೊಕ್ಕರೆಯ ಕಣ್ಣಿಂದ ನೀರು ಕೆನ್ನೆಗೆ ಇಳಿಯಿತು. "ಚೆಂಡು ಬಂತು. ಮುಂದೆ ನಿನ್ನ ಬೆನ್ನು. ಬಾಯಿಂದ ಹಾಗೇ ಬಂದ್ಹೋಯ್ತು. ಮೈಮೇಲಿರೋ ಅಂಗಿ ಯಾವ್ದು ಅಂತ ನೆನಪೇ ಆಗ್ಲಿಲ್ಲ."

"ವಿಚಾರಣೇಲಿ?"

"ಹೇಳಿದ್ರೆ ಗೆಲುವೇ ಸುಳ್ಳು ಅಂತಾಗ್ತಿತ್ತು. ಗಿರಣಿಯವ್ರು ಮೂವತ್ತು ವರ್ಷದ ಮೇಲೆ ಕಪ್ ಗೆದ್ದು ಬೀದೀಲಿ ಕುಣೀತಿದ್ರು. ಸ್ವಲ್ಪ ತಣ್ಣಗಾಗ್ಲಿ, ಆಮೇಲೆ ಹೇಳೋಣ ಅಂತ... ಇವತ್ತು, ನಾಳೆ, ಇವತ್ತು, ನಾಳೆ."

ಕೆಲಸದವನು ಜಾಲರಿ ಸರಿಸಿ, "ಏನ್ ಸಾರ್, ಬೆರಳಿಗೇನೂ ಆಗ್ಲಿಲ್ವಲ್ಲ?" ಎಂದ. ಗೋಡೆ ಮತ್ತೆ ಕಂಬಿ ಹಿಡಿದು ಮಂಚವನ್ನು ಒಳಗೆಳೆದ. ಲಿಫ್ಟು ಮೇಲೇರಿತು. ಆಪರೇಷನ್ ಕೋಣೆಯ ಬಾಗಿಲು ತೆರೆದು ಮುಚ್ಚಿತು.

ಅವನು ಬೆಂಚಿನ ಮೇಲೆ ಕೊಕ್ಕರೆಯ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗೆದ್ದೆ ಅನ್ನಿಸಬೇಕಿತ್ತು. ಕಿವಿ ಸುಳ್ಳಾಡಿರಲಿಲ್ಲ. ಆದರೆ ಯಾರಿಗೆ ಹೇಳುವುದು? ಕೋಚು ಸತ್ತು ಆರು ವರ್ಷ. ಬಂದರು ತಂಡ ಮುಚ್ಚಿಹೋಗಿ, ಅವರ ಮೈದಾನದಲ್ಲಿ ಉಗ್ರಾಣ ಎದ್ದಿದೆ. ಮಗನ ಫೋನ್ ನಂಬರು ಯಾವುದೋ. ಹೆಂಡತಿಗೊಬ್ಬಳಿಗೆ ಹೇಳಬೇಕಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ನಾಲ್ಕು ವರ್ಷ ತಡವಾಗಿತ್ತು. ಇಷ್ಟು ದಿನ ಅನುಮಾನವಾದರೂ ಜೊತೆಗಿತ್ತು, ಕೊಕ್ಕರೆ ಕೂಗಿರಲಿಕ್ಕಿಲ್ಲ ಎಂದುಕೊಂಡು ಅವನನ್ನು ಗೆಳೆಯ ಎನ್ನಬಹುದಿತ್ತು. ಈಗ ಅದೂ ಇಲ್ಲ. ಗೋಡೆ ಚಪ್ಪಲಿಯ ಮೇಲೆ ತಲೆ ಬಗ್ಗಿಸಿ ಅತ್ತ.

"ನೀವು ಅವರಿಗೆ ಏನಾಗ್ಬೇಕು?" ಎಂದು ಹಾದುಹೋಗುತ್ತಿದ್ದ ನರ್ಸಮ್ಮ ಕೇಳಿದರು.

"ಒಟ್ಟಿಗೆ ಆಡ್ತಿದ್ವಿ," ಎಂದ. "ಎರಡು ತಂಡದಲ್ಲಿ."

ಮರುದಿನ ಬೆಳಿಗ್ಗೆ ಹಾಸಿನ ಗಂಟು ಇಳಿಸಿ ಅವನು ಹನ್ನೊಂದನೇ ಮಂಚದ ಹತ್ತಿರ ಹೋದ. ಹೋಗಬಾರದೆಂದುಕೊಂಡೇ ಹೋದ. ಕೊಕ್ಕರೆಯ ಕುತ್ತಿಗೆಗೆ ಬಿಳಿ ಪಟ್ಟಿ, ನಡುವೆ ಒಂದು ಕೊಳವೆ. ಉಸಿರು ಅದರಲ್ಲೇ ಸುಂಯ್‌ಗುಡುತ್ತಿತ್ತು. ಗೋಡೆ ಮಂಚದ ಕಂಬಿ ಹಿಡಿದು ನಿಂತ.

ಕೊಕ್ಕರೆ ಕಣ್ಣು ತೆರೆದು ಅವನನ್ನು ಬಹಳ ಹೊತ್ತು ನೋಡಿದ. ಆಮೇಲೆ ತುಟಿಗಳು ಒಂದಕ್ಕೊಂದು ಅಂಟಿದವು, ತೆರೆದವು, ದುಂಡಗಾದವು. ಸದ್ದು ಬರಲಿಲ್ಲ. ಮತ್ತೊಮ್ಮೆ ಅಂಟಿದವು, ತೆರೆದವು, ದುಂಡಗಾದವು.

ಯಾವ ಮಾತೆಂದು ಗೋಡೆಗೆ ಗೊತ್ತಾಯಿತು. ಕಂಬಿಯ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡ. ಅದು ಬಿಗಿಯಾಗಿ ಹಿಡಿದೇ ಇತ್ತು.